ಥಾಯ್ಲೆಂಡಿನ ಮೂರು ಆಟ

ನಾಲ್ಕು ದೇಶಗಳಲ್ಲಿ ಸಂಬಳಕ್ಕೆ ಬಾಸ್ಕೆಟ್‌ಬಾಲ್ ಆಡಿದವಳು ನಾನು. ಹೀಗೆಂದು ಹೇಳಿದರೆ ತ್ರಾಸಿಯಿಂದ ಕುಂದಾಪುರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ನನ್ನ ಉದ್ದ ಕಾಲು ನೋಡುತ್ತಾರೆ, ಆಮೇಲೆ ಮದುವೆ ಆಗಿದೆಯಾ ಎಂದು ವಿಚಾರಿಸುತ್ತಾರೆ. ಆಗಿದೆ ಮಾರಾಯ್ರೆ, ಅದರ ಕತೆ ಬೇರೆ. ಇಲ್ಲಿ ಹೇಳಹೊರಟಿರುವುದು ಮೊದಲ ದೇಶದ ಕತೆ. ಥಾಯ್ಲೆಂಡಿನ ತಂಡವೊಂದು ನನ್ನನ್ನು ಕರೆಸಿಕೊಂಡು ಮೂರೇ ಮೂರು ಆಟ ಕೊಟ್ಟಿತ್ತು. ಮೂರರಲ್ಲಿ ಆಡಿ ತೋರಿಸಿದರೆ ಇಡೀ ವರ್ಷದ ಕರಾರು, ಇಲ್ಲವಾದರೆ ವಾಪಸು ನಮ್ಮೂರು ಮರವಂತೆ.

ಅಪ್ಪಯ್ಯ ಕೈರಂಪಣಿ ಬಲೆಯ ಮೀನುಗಾರರು. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ನಿಂತು ಎಲ್ಲರೂ ಸೇರಿ ಎಳೆಯುತ್ತಾರೆ. ಮರಳಿನಲ್ಲಿ ಕಾಲು ಹೂತುಕೊಂಡು ಹಿಂದೆ ಹಿಂದೆ ನಡೆಯುವ ಕೆಲಸ ಅದು. ಶಾಲೆಗೆ ರಜೆ ಇದ್ದ ದಿನ ನಾನೂ ಎಳೆಯುತ್ತಿದ್ದೆ. ಹೈಸ್ಕೂಲಿಗೆ ಬಂದಾಗ ಬ್ರಹ್ಮಾವರ ಕಡೆಯ ಪಿ.ಟಿ. ಮೇಷ್ಟ್ರೊಬ್ಬರು, ಈ ಹುಡುಗಿ ಮುಂದೆ ಓಡುವುದಕ್ಕಿಂತ ಜೋರಾಗಿ ಹಿಂದೆ ಓಡುತ್ತಾಳಲ್ಲ ಎಂದು ಅಚ್ಚರಿಪಟ್ಟು ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರು. ಎದುರಾಳಿಯನ್ನು ತಡೆಯುವಾಗ ಹಿಂದೆ ಹಿಂದೆಯೇ ಓಡಬೇಕು. ಅದೊಂದನ್ನು ನನಗೆ ಯಾವ ಕೋಚೂ ಕಲಿಸಬೇಕಾಗಲಿಲ್ಲ.

ರಂಪಣಿಯಲ್ಲಿ ಒಂದು ಕಟ್ಟಳೆ ಇದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಮುದುಕಿ ಬಂದು ಎರಡು ಹೆಜ್ಜೆ ಎಳೆದರೂ ಪಾಲು, ಮಗು ನೇತಾಡಿಕೊಂಡು ಬಂದರೂ ಪಾಲು. ಪಾಲು ಹಂಚುವವರು ಅಪ್ಪಯ್ಯನೇ. ಒಮ್ಮೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬಂದ ಪ್ರವಾಸಿಯೊಬ್ಬರು ಫೋಟೊಗೆಂದು ಹಗ್ಗ ಹಿಡಿದು ನಿಂತರು. ಬಲೆ ದಡಕ್ಕೆ ಬಂದ ಮೇಲೆ ಅಪ್ಪಯ್ಯ ಎಂಟು ಬಂಗುಡೆ ಕಟ್ಟಿಕೊಂಡು ಅವರ ಹಿಂದೆ ಓಡಿದರು. ಅವರು ಶುದ್ಧ ಸಸ್ಯಾಹಾರಿ. ಕೈ ಮುಗಿದು ಬೇಡ ಎಂದರು. ಅಪ್ಪಯ್ಯ ಜಪ್ಪಯ್ಯ ಅಂದರೂ ಬಿಡಲಿಲ್ಲ. ಕಡೆಗೆ ಮೀನು ಕಾರಿನ ಡಿಕ್ಕಿಯಲ್ಲಿ ಕೂತು ಹೋಯಿತು. ಪಾಪ, ಆ ಕಾರು ಎಷ್ಟು ದಿನ ನಾರಿತೋ!

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕಾಲೇಜು, ರಾಜ್ಯ ತಂಡ, ದೇಶದ ಶಿಬಿರ ಎಲ್ಲ ದಾಟಿ ಥಾಯ್ಲೆಂಡಿನಲ್ಲಿ ವಿಮಾನ ಇಳಿದವಳ ತಲೆಯೊಳಗೂ ಈ ಕಟ್ಟಳೆಯೇ ಕೂತಿತ್ತು. ಅದು ಅಲ್ಲಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಮೊದಲ ಆಟ. ಒಳಾಂಗಣ ತುಂಬ ಜನ, ಡೋಲಿನ ಸದ್ದು, ಬೂಟು ಕಿರುಗುಟ್ಟುವ ನುಣ್ಣನೆಯ ಮರದ ನೆಲ. ನನಗೆ ಕುಣಿಯುವಷ್ಟು ಖುಷಿ. ಚೆಂಡು ಕೈಗೆ ಬಂದಾಗಲೆಲ್ಲ ಇನ್ನೂ ಯಾರ ಕೈಗೆ ಹೋಗಿಲ್ಲ ಎಂದು ಹುಡುಕಿ ಅವರಿಗೆ ಪಾಸ್ ಕೊಟ್ಟೆ. ಆಟ ಸೋತೆವು. ನಾನು ಗಳಿಸಿದ್ದು ನಾಲ್ಕು ಪಾಯಿಂಟ್. ಕೋಚ್ ನನ್ನನ್ನು ಪಕ್ಕಕ್ಕೆ ಕರೆದು ತನ್ನ ಹರುಕು ಇಂಗ್ಲಿಷಿನಲ್ಲಿ, ಒಂದು ತಂಡಕ್ಕೆ ಒಬ್ಬಳೇ ಹೊರದೇಶದವಳು, ಆ ಜಾಗದಲ್ಲಿ ನಿನ್ನನ್ನು ತಂದದ್ದು ಬುಟ್ಟಿಗೆ ಹಾಕಲು, ಹಂಚಲು ಅಲ್ಲ ಎಂದು ತಿಳಿಹೇಳಿದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ತಲೆಯಾಡಿಸಿದೆ.

ಎರಡನೇ ಆಟದಲ್ಲಿ ಹೇಳಿದ ಹಾಗೆ ಕೇಳಿದೆ. ಕಂಡಲ್ಲಿಂದ ಹೊಡೆದೆ, ಹದಿನೆಂಟು ಪಾಯಿಂಟ್ ಬಂತು. ಕೊನೆಗೆ ಒಂದೇ ಪಾಯಿಂಟಿನಿಂದ ಹಿಂದೆ ಇದ್ದೆವು, ಉಳಿದದ್ದು ಏಳು ಸೆಕೆಂಡು. ನಮ್ಮವಳೊಬ್ಬಳಿಗೆ ಫೌಲ್ ತುಂಬಿ ಹೊರಗೆ ಹೋದದ್ದರಿಂದ ಬೆಂಚಿನಿಂದ ಒಬ್ಬ ಹುಡುಗಿ ಬಂದಿದ್ದಳು. ತಂಡದಲ್ಲೇ ಕಿರಿಯವಳು, ಕುಳ್ಳಿ, ಇಡೀ ಆಟದಲ್ಲಿ ಅವಳ ಕೈಗೆ ಚೆಂಡೇ ಸಿಕ್ಕಿರಲಿಲ್ಲ. ನನ್ನ ಮೇಲೆ ಇಬ್ಬರು ಬಿದ್ದರು. ಅವಳು ಮೂಲೆಯಲ್ಲಿ ಒಬ್ಬಳೇ ನಿಂತಿದ್ದಳು. ಕೋಚ್ ಹೊಡಿ ಹೊಡಿ ಎಂದು ಕೂಗುತ್ತಿದ್ದ. ನನ್ನ ಕೈ ನನ್ನ ಮಾತು ಕೇಳಲಿಲ್ಲ, ಚೆಂಡು ಅವಳ ಕಡೆ ಹೋಯಿತು. ಅವಳು ಎಸೆದಳು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು.

ಕೋಚ್ ಬೈಯಲಿಲ್ಲ. ಒಂದೇ ಆಟ ಉಳಿದಿದೆ ಎಂದಷ್ಟೇ ಹೇಳಿದ. ಬೈದಿದ್ದರೇ ವಾಸಿಯಿತ್ತು. ಆ ಹುಡುಗಿ ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು. ಮರುದಿನ ಬೆಳಿಗ್ಗೆ ಅಪ್ಪಯ್ಯನಿಗೆ ಫೋನು ಮಾಡಿದೆ. ದಡದಲ್ಲಿದ್ದರು, ಹಿಂದೆ ಜನ ಕೂಗುವುದು ಕೇಳುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ನನ್ನ ಕರಾರಿನ ಬಗ್ಗೆ ಒಂದು ಮಾತು ಆಡಬೇಕಲ್ಲ? ಇಲ್ಲ. ಆ ಹೆಣ್ಣಿಗೆ ಸಿಕ್ಕಿತಾ ಎಂದು ಕೇಳಿದರು. ತಪ್ಪಿತು ಎಂದೆ.

“ಹಾಂಗಾರೆ ನಾಳಿಗೆ ಇನ್ನೊಂದ್ ಸಲ ಕೊಡ್,” ಎಂದರು. “ಹಗ್ಗಕ್ಕೆ ಕೈ ಹಾಕ್ದರಿಗೆ ಕೊಡ್ದೆ ಇಪ್ಕೆ ಆತ್ತಾ?”

ಕೊಡದೆ ಇರಲಾಗುತ್ತದೆಯೇ ಅಂತೆ! ನಾನು ಫೋನಿಟ್ಟು, ಇವರಿಗೆ ರಂಪಣಿ ಬಿಟ್ಟು ಬೇರೆ ಲೋಕ ಇಲ್ಲ ಎಂದು ಬೈದುಕೊಂಡೆ. ಬೈದುಕೊಂಡು ಎದ್ದು ಹೋಗಿ ಆ ಹುಡುಗಿಯ ಕೋಣೆಯ ಬಾಗಿಲು ತಟ್ಟಿದೆ. ಖಾಲಿ ಅಂಗಳಕ್ಕೆ ಕರೆದೊಯ್ದು ಅದೇ ಮೂಲೆಯಲ್ಲಿ ನಿಲ್ಲಿಸಿದೆ. ಮಧ್ಯಾಹ್ನದ ಊಟದವರೆಗೆ ನಾನು ಕೊಟ್ಟೆ, ಅವಳು ಎಸೆದಳು. ಭಾಷೆ ಬಾರದ್ದರಿಂದ ಹೆಚ್ಚು ಮಾತಿನ ಗೊಡವೆ ಇರಲಿಲ್ಲ.

ಮೂರನೇ ಆಟ! ಮೂರನೇ ಕ್ವಾರ್ಟರಿನಲ್ಲಿ ಅವಳು ಒಳಗೆ ಬಂದಳು. ಮೊದಲ ಪಾಸಿನಲ್ಲಿ ತಪ್ಪಿದಳು, ಕೋಚ್ ತಲೆ ಮೇಲೆ ಕೈ ಹೊತ್ತ. ಮತ್ತೆ ಕೊಟ್ಟೆ. ಚೆಂಡು ರಿಂಗನ್ನು ಮುಟ್ಟದೆ ನೆಟ್ಟಿನೊಳಗೆ ಸರ್ರನೆ ಇಳಿಯಿತು. ಮತ್ತೆ ಕೊಟ್ಟೆ, ಮತ್ತೆ ಇಳಿಯಿತು. ಎದುರಾಳಿಗಳು ನನ್ನನ್ನು ಬಿಟ್ಟು ಅವಳ ಕಡೆ ಓಡತೊಡಗಿದರು. ಆಗ ಉಳಿದವರಿಗೆ ದಾರಿಯೋ ದಾರಿ. ಆರು ಬುಟ್ಟಿ ಅವಳದ್ದೇ. ಹನ್ನೊಂದು ಪಾಯಿಂಟಿನಿಂದ ಗೆದ್ದೆವು. ನಾನು ಅವಳನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದೆ, ಕುಂದಾಪ್ರ ಕನ್ನಡದಲ್ಲಿ ಏನೇನೋ ಕೂಗಿದೆ. ನನ್ನದೇ ಬುಟ್ಟಿಗಳಿಗೆ ಯಾವತ್ತೂ ಅಷ್ಟು ಖುಷಿಪಟ್ಟವಳಲ್ಲ. ಕರಾರು ಕೈಗೆ ಬಂದ ಹಾಗೆಯೇ ಎಂದುಕೊಂಡೆ.

ಮರುದಿನ ಕೋಚ್ ಕರೆದ. ನೀಟಾಗಿ ತಲೆ ಬಾಚಿಕೊಂಡು ಹೋದೆ. ಅವನು ಚಹಾ ಕೊಟ್ಟು, ನೇರವಾಗಿಯೇ ವಿಷಯಕ್ಕೆ ಬಂದ. ದೂರದಿಂದ ಬುಟ್ಟಿಗೆ ಹೊಡೆಯುವವಳು ನಮ್ಮಲ್ಲೇ ಇದ್ದಾಳೆಂದು ನೀನು ತೋರಿಸಿಕೊಟ್ಟೆ, ಹಾಗಾಗಿ ಹೊರದೇಶದವಳ ಆ ಒಂದು ಜಾಗಕ್ಕೆ ಈಗ ಬುಟ್ಟಿಯ ಬುಡದಲ್ಲಿ ನಿಂತು ಆಡುವ ಎತ್ತರದ ಸೆಂಟರ್ ಆಟಗಾರ್ತಿಯನ್ನು ತರುತ್ತೇನೆ ಎಂದ. ತುಂಬ ಉಪಕಾರವಾಯಿತು ಎಂದೂ ಸೇರಿಸಿದ. ಮೈಯೆಲ್ಲ ಉರಿದುಹೋಯಿತು. ಕೋಣೆಗೆ ಬಂದು ಚೀಲಕ್ಕೆ ಒದ್ದೆ, ಹೆಬ್ಬೆರಳು ಊದಿಕೊಂಡಿತು. ಅದೇ ಸಿಟ್ಟಿನಲ್ಲಿ ಊರಿಗೆ ಫೋನು ಹಚ್ಚಿದೆ.

“ನಿಮ್ಮ್ ಮಾತ್ ಕೇಂಡ್ ನನ್ನ್ ಕೆಲ್ಸ ಹೋಯ್ತ್ ಕಾಣಿ, ಅಪ್ಪಯ್ಯ.”

ಅವರು ಊಟ ಮಾಡಿದೆಯಾ ಎಂದು ಕೇಳಿದರು. ನನಗೆ ಅಳು ತಡೆಯಲಾಗಲಿಲ್ಲ. ಅವರ ದನಿಯೂ ಒದ್ದೆಯಾಗಿತ್ತು. ತಾನು ಕಡಲಿನ ಲೆಕ್ಕ ಹೇಳಿದ್ದು, ಆ ದೇಶದ ಲೆಕ್ಕ ತನಗೆ ಗೊತ್ತಿರಲಿಲ್ಲ ಎಂದರು. ಅಪ್ಪಯ್ಯ ತಪ್ಪೊಪ್ಪಿಕೊಂಡದ್ದನ್ನು ನಾನು ಅದೇ ಮೊದಲು ಕೇಳಿದ್ದು. ಸಿಟ್ಟೆಲ್ಲ ಜರ್ರನೆ ಇಳಿಯಿತು.

ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಾಗ ಬಾಗಿಲು ದಬದಬ ಬಡಿಯಿತು. ಆ ಹುಡುಗಿ. ಏದುಸಿರು ಬಿಡುತ್ತಿದ್ದಳು, ಕಣ್ಣು ಕೆಂಪಗಿತ್ತು. ವಿಷಯ ಅವಳಿಗೆ ತಿಳಿದಿತ್ತು. ಕೈಯಲ್ಲಿದ್ದ ಫೋನನ್ನು ನನ್ನ ಕಿವಿಗೆ ಒತ್ತಿ ಹಿಡಿದು, ಸಿಸ್ಟರ್, ಸಿಸ್ಟರ್ ಎಂದು ಎರಡು ಸಲ ಹೇಳಿದಳು. ಆ ಕಡೆಯಿಂದ ಹುಡುಗಿಯ ಅಕ್ಕ ಮಾತಾಡಿದಳು. ಅವಳೂ ಆಟಗಾರ್ತಿ, ಬೇರೊಂದು ದೇಶದ ಕ್ಲಬ್ ತಂಡವೊಂದರ ನಾಯಕಿ. ತಂಗಿ ಒಂದು ಗಂಟೆಯಿಂದ ಫೋನಿನಲ್ಲಿ ಅತ್ತು ಅತ್ತು ನನ್ನ ತಲೆ ತಿನ್ನುತ್ತಿದ್ದಾಳೆ, ನಮ್ಮಲ್ಲಿ ಹೊಡೆಯುವವರು ಬೇಕಾದಷ್ಟಿದ್ದಾರೆ, ಕೊಡುವವರೇ ಇಲ್ಲ, ಹತ್ತು ದಿನದೊಳಗೆ ಬರಲು ಸಾಧ್ಯವೇ ಎಂದು ಕೇಳಿದಳು.

ಬರುತ್ತೇನೆ ಎಂದೆ. ಯಾವ ದೇಶ ಎಂದು ಕೇಳಿದ್ದು ಆಮೇಲೆ.