ಇಪ್ಪತ್ತಾರನೆಯ ತಟ್ಟೆ

ಜಯಪುರದ ಬಸ್ಸು ನಿಲ್ಲುವಲ್ಲಿಂದ ಕೂಗಳತೆಯ ದೂರದಲ್ಲಿ ನನ್ನ ಚಿಕ್ಕಮ್ಮನ ಅಡಿಕೆ ಹಾಳೆ ತಟ್ಟೆಯ ಶೆಡ್ ಇದೆ. ಎಂ.ಕಾಂ. ಮುಗಿಸಿದ ಮೇಲೆ ಅಲ್ಲಿನ ಕಾಗದಪತ್ರಗಳನ್ನು ನಾನು ನೋಡಿಕೊಳ್ಳತೊಡಗಿದೆ. ಹೆಚ್ಚು ಮಾತಾಡಬೇಕಿಲ್ಲದ ಕೆಲಸ, ಅದಕ್ಕೇ ಒಪ್ಪಿದ್ದೆ.

ಮೊದಲ ಬಾರಿಗೆ ಜರ್ಮನಿಯಿಂದ ಆರ್ಡರ್ ಬಂದಿತ್ತು: ನಲವತ್ತು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ತು ಕಟ್ಟು, ಕಟ್ಟಿಗೆ ಇಪ್ಪತ್ತೈದು ತಟ್ಟೆ. ಮಧ್ಯಾಹ್ನ ಎರಡಕ್ಕೆ ಮಂಗಳೂರಿನ ಬಂದರಿಗೆ ಲಾರಿ ಹೊರಡಬೇಕು. ಆ ಹಡಗು ತಪ್ಪಿದರೆ ಆರ್ಡರೇ ರದ್ದು ಎಂದು ಖರೀದಿದಾರ ಮೊದಲೇ ತಿಳಿಸಿದ್ದ. ಚಿಕ್ಕಮ್ಮ ಈ ಆರ್ಡರನ್ನು ನಂಬಿ ಎರಡು ಹೊಸ ಯಂತ್ರ ತರಿಸಿದ್ದರು.

ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆಗಳನ್ನು ತೂಗಲು ಕುಳಿತೆ. ಹಾಳೆ ಎಂದಮೇಲೆ ತೂಕ ಅಷ್ಟಿಷ್ಟು ಏರುಪೇರಾಗುವುದು ಸಹಜ. ಆದರೆ ಇಲ್ಲಿ ಏರುಪೇರೇ ಇರಲಿಲ್ಲ. ಎಲ್ಲ ಪೆಟ್ಟಿಗೆಗಳೂ ಇರಬೇಕಾದ ತೂಕಕ್ಕಿಂತ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಭಾರವಾಗಿದ್ದವು. ಒಂದನ್ನು ಬಿಚ್ಚಿ ಎಣಿಸಿದೆ. ಪ್ರತಿ ಕಟ್ಟಿನಲ್ಲೂ ಇಪ್ಪತ್ತಾರು. ಊರಿನ ಮಾರಾಟಕ್ಕೆಂದು ಇಟ್ಟಿದ್ದ ರಾಶಿ ಕರಗಿದ್ದು ಆಗ ಕಣ್ಣಿಗೆ ಬಿತ್ತು.

ಕಟ್ಟುವ ಕೆಲಸದ ಹಿರಿಯ ಹೆಂಗಸನ್ನು ಕೇಳಿದೆ. ಆಕೆ ಕೈಕೆಲಸ ನಿಲ್ಲಿಸಲಿಲ್ಲ.

"ಕೊಸರು ಹಾಕಿದ್ದು ಮಾರಾಯ್ತಿ. ಸಂತೇಲಿ ಎಲೆ ಕೊಟ್ರೂ ಮೇಲೊಂದು ಹಾಕ್ತೀವಿ. ಅಷ್ಟು ದೂರದಿಂದ ತಗಳೋರಿಗೆ ಎಣಿಸಿ ಅಷ್ಟೇ ಕೊಟ್ರೆ ನಮ್ಮ ಊರನ್ನ ಎಂತ ತಿಳ್ಕಂತಾರೆ?"

ಚಿಕ್ಕಮ್ಮ ತಲೆ ಹಿಡಿದು ಕುಳಿತರು. ಕಾಗದದಲ್ಲಿ ಇದ್ದದ್ದು ಇಪ್ಪತ್ತೈದು; ಎಂಟುನೂರು ಕಟ್ಟು ಬಿಚ್ಚಿ ಮತ್ತೆ ಕಟ್ಟಲು ಒಂದು ದಿನವಾದರೂ ಬೇಕು. ಬಂದರಿನಲ್ಲಿ ನಮ್ಮ ಕಾಗದ ನೋಡುವ ಏಜೆಂಟರಿಗೆ ಫೋನ್ ಮಾಡಿದೆ. ಸುಂಕದ ಕಚೇರಿಗೆ ಅರ್ಜಿ ಇನ್ನೂ ಹೋಗಿಲ್ಲ, ಖರೀದಿದಾರ ಒಪ್ಪಿದರೆ ಸರಕಿನ ಪಟ್ಟಿ ತಿದ್ದಿ ಕಳಿಸಿ, ಒಳಗಿರುವುದೂ ಬರೆದಿರುವುದೂ ಒಂದೇ ಆಗಿದ್ದರೆ ಸಾಕು ಎಂದರು.

ಜರ್ಮನಿಯಲ್ಲಿ ಬೆಳಗಾಗುವುದನ್ನು ಕಾದು ಖರೀದಿದಾರನಿಗೆ ಫೋನ್ ಮಾಡಿದೆ. ಎಣಿಕೆ ತಪ್ಪಿದ್ದೇ ಎಂದು ಕೇಳಿದ. ತಪ್ಪಿಲ್ಲ, ಬೇಕೆಂದೇ ಹಾಕಿದ್ದು ಎಂದೆ. ಏಕೆ ಎಂದ. ಅಪರಿಚಿತನಿಗೆ ಇಂಗ್ಲಿಷಿನಲ್ಲಿ ಕೊಸರನ್ನು ವಿವರಿಸಲು ನನಗೆ ಏಳು ನಿಮಿಷ ಹಿಡಿಯಿತು. ಅಷ್ಟು ಹೊತ್ತು ನಾನು ಮನೆಯವರ ಜೊತೆಗೂ ಒಂದೇ ಸಮನೆ ಮಾತಾಡಿದವಳಲ್ಲ. ಕೊನೆಗೆ ಆತ ನಕ್ಕು ಒಪ್ಪಿದ. ಲಾರಿ ಎರಡೂಕಾಲಿಗೆ ಹೊರಟಿತು.

ಮೂರು ತಿಂಗಳ ನಂತರ ಎರಡನೆಯ ಆರ್ಡರ್ ಬಂತು: ಕಟ್ಟಿಗೆ ಇಪ್ಪತ್ತಾರು ತಟ್ಟೆ, ಬೆಲೆ ಮಾತ್ರ ಹಳೆಯದೇ. ಇಪ್ಪತ್ತಾರರ ಬೆಲೆ ಹಾಕಿ ಮರುಪತ್ರ ಬರೆದೆ, ಆತ ತಕರಾರಿಲ್ಲದೆ ಒಪ್ಪಿದ. ಇನ್ನು ಮುಂದೆ ಲೆಕ್ಕವೇ ಇಪ್ಪತ್ತಾರು ಎಂದು ಆ ಹೆಂಗಸಿಗೆ ತಿಳಿಸಿದೆ.

"ಹಂಗಾರೆ ಕೊಸರು?" ಎಂದಳು.

ಆಕೆ ಕಟ್ಟಲು ಕೂರುವ ಮೊದಲೇ ಪಟ್ಟಿಯಲ್ಲಿ ಇಪ್ಪತ್ತೇಳು ಎಂದು ಬರೆದುಕೊಂಡೆ.