ಫೋತಿನಿ ಎತ್ತಿದ ಕೈ

ಅಥೆನ್ಸಿನ ಪೆತ್ರಾಲೋನಾ ಬಡಾವಣೆಯಲ್ಲಿ ನಲವತ್ತು ವರ್ಷ ಊರವರ ಪ್ಯಾಂಟು ಗಿಡ್ಡ ಮಾಡಿಕೊಟ್ಟೇ ಬದುಕಿದ ಫೋತಿನಿಗೆ ಇದ್ದ ವೈಭವ ಒಂದೇ: ತಾರಸಿಯಲ್ಲಿ ಬಟ್ಟೆ ಒಣಹಾಕುವಾಗ ಎದುರಿಗೆ ಕಾಣುವ ಪ್ನಿಕ್ಸ್ ಗುಡ್ಡ. ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸಿನ ಜನ ಆ ಗುಡ್ಡ ಹತ್ತಿ, ಯುದ್ಧವೋ ಸಂಧಿಯೋ ಎಂಬುದನ್ನು ತಾವೇ ಕೈಯೆತ್ತಿ ತೀರ್ಮಾನಿಸುತ್ತಿದ್ದರಂತೆ. ಅವರ ವಂಶದವರೆಂದು ಬೀಗುವ ನಾವು ನಮ್ಮದೇ ಕಟ್ಟಡದ ಮನೆಮಾಲೀಕರ ಸಭೆಗೆ ಎರಡು ಮಹಡಿ ಇಳಿಯಲೂ ಮೀನಮೇಷ ಎಣಿಸುತ್ತೇವೆ.

ಆ ಭಾನುವಾರ ಹೆಬ್ಬಾಗಿಲ ಬಳಿ, ಮೆಟ್ಟಿಲುಗಳ ಮೇಲೆ ಸಭೆ. ವಿಷಯ, ತಾರಸಿಯನ್ನು ಪ್ರವಾಸಿಗರು ಕುಡಿಯಲು ಬರುವ ಬಾರ್‌ಗೆ ಬಾಡಿಗೆ ಕೊಡುವುದು. ಹನ್ನೆರಡು ಮನೆಗಳಿಂದ ಬಂದವರು ಆರೇ ಮಂದಿ. ಫೋತಿನಿಯದೂ ಸೇರಿ ಐದು ಕೈ ಬೇಡವೆಂದವು. ಆರನೆಯವನು ವಕೀಲ ಲಾಂಬ್ರೋಸ್. ಅವನು ಕೈ ಎತ್ತಲಿಲ್ಲ, ಫೈಲು ಎತ್ತಿದ.

“ಬರದೇ ಇರೋ ಆರೂ ಮನೆಯವರ ಅಧಿಕಾರಪತ್ರ ಇಲ್ಲಿದೆ. ನಂದೂ ಸೇರಿ ಏಳು. ಮುಗೀತಲ್ಲ, ಫೋತಿನಿ ಅಮ್ಮಾ?”

“ತಾರಸಿ ಕೊಡಿ ಅಂತ ಬರ್ದಿದ್ದಾರಾ?”

“ನಿಮಗೆ ಸರಿ ಕಂಡಂಗೆ ಮಾಡಿ ಅಂತ ಬರ್ದಿದ್ದಾರೆ. ಪ್ರಜಾಪ್ರಭುತ್ವ ಅಂದ್ರೆ ಇದೇ ಅಲ್ವೇನಮ್ಮಾ? ಎಲ್ಲಾದಕ್ಕೂ ಎಲ್ರೂ ಬರೋಕಾಗುತ್ತಾ?”

“ನಮ್ಮ ಎಂಪಿನೂ ಹಿಂಗೇ ಹೇಳಿ ವೋಟು ಇಸ್ಕೊಂಡ. ಆಮೇಲೆ ಅವನ ಮುಖ ನೋಡಿದ್ದು ಪೋಸ್ಟರಲ್ಲೇ.”

“ಹಂಗಾದ್ರೆ ಆ ಗುಡ್ಡದ ಕಾಲವೇ ವಾಸಿನಾ? ಅಲ್ಲಿ ಹೆಂಗಸರಿಗೆ ಕೈ ಎತ್ತೋಕೆ ಬಿಡ್ತಿರಲಿಲ್ಲ, ಗೊತ್ತಲ್ಲ?”

“ಗೊತ್ತಪ್ಪಾ. ಇಷ್ಟು ತಡವಾಗಿ ಸಿಕ್ಕಿರೋ ಕೈ ಇದು. ನಿನ್ನ ಫೈಲೊಳಗೆ ಇಡೋಕಲ್ಲ.”

ತೀರ್ಮಾನ ಬರೆಯಲು ಲಾಂಬ್ರೋಸ್ ಮೆಟ್ಟಿಲ ಮೇಲಿದ್ದ ನಡಾವಳಿ ಪುಸ್ತಕಕ್ಕೆ ಕೈ ಚಾಚಿದ. ಫೋತಿನಿ ಪುಸ್ತಕದ ಮೇಲೆಯೇ ಕೂತಳು. ಕೂತಲ್ಲಿಂದಲೇ, ಎರಡನೇ ಮಹಡಿಯ ಮನೆಯ ಮಾಲೀಕ, ಈಗ ಪಕ್ಕದ ಬಂದರು ಪಿರೇಯಸ್‌ನಲ್ಲಿರುವ ಆರ್ಗಿರಿಸನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಹಿಡಿದಳು.

“ಲೋ, ತಾರಸಿನ ಬಾರಿಗೆ ಕೊಡು ಅಂತ ಬರ್ಕೊಟ್ಟಿದ್ದೀಯೇನೋ?”

“ಯಾವ ಬಾರು? ಲಿಫ್ಟ್ ರಿಪೇರಿಗೆ ಅಂದಿದ್ನಲ್ಲ ಆ ವಕೀಲ!”

“ಹಂಗಾದ್ರೆ ಎದ್ದು ಬಾ.”

“ಈಗ್ತಾನೆ ಊಟಕ್ಕೆ ಕೂತೆ ಅಕ್ಕಾ...”

“ತಟ್ಟೆ ಹಿಡ್ಕೊಂಡೇ ಬಾ.”

ಮಾಲೀಕ ಖುದ್ದಾಗಿ ಬಂದು ನಿಂತರೆ ಪತ್ರ ರದ್ದು. ಅದು ಎಲ್ಲರಿಗಿಂತ ಚೆನ್ನಾಗಿ ವಕೀಲನಿಗೇ ಗೊತ್ತಿತ್ತು. ಮುಕ್ಕಾಲು ಗಂಟೆಯಲ್ಲಿ ಆರ್ಗಿರಿಸ್ ಏದುಸಿರು ಬಿಡುತ್ತ ಬಂದ. ಮೀಸೆಯಲ್ಲಿ ಇನ್ನೂ ಮೀನಿನ ಎಣ್ಣೆಯಿತ್ತು. ಕೈ ಎತ್ತಿದ. ಆರು, ಆರು. ಸಮ ಬಿದ್ದರೆ ಇದ್ದದ್ದು ಇದ್ದಂತೆಯೇ ಎಂಬುದು ಕಟ್ಟಡದ ನಿಯಮ. ತಾರಸಿ ಉಳಿಯಿತು.

“ಮುಂದಿನ ಸಭೆಗೆ ಇನ್ನೊಂದು ಪತ್ರ ತರ್ತೀನಿ,” ಎಂದ ಲಾಂಬ್ರೋಸ್.

“ತಾ. ಮಿಕ್ಕ ಐದು ಮನೆಯವರ ನಂಬರೂ ನನ್ನ ಹತ್ರ ಇದೆ,” ಎಂದು ಫೋತಿನಿ ಪುಸ್ತಕದ ಮೇಲಿಂದ ಎದ್ದಳು.