ಹುಣಸೆಮರದಡಿ ಓಡುತ್ತಿದ್ದ ಇಂಜಿನ್

ಲಾರಿ ಮಾಲೀಕರು ನನ್ನನ್ನು ಕಳ್ಳ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ನಂಜನಗೂಡಿನ ಹತ್ತಿರದ ತಾಂಡ್ಯ ಕೈಗಾರಿಕಾ ಪ್ರದೇಶದ ಆಫೀಸಿಗೆ ಕರೆಸಿ, ಕುರ್ಚಿ ತೋರಿಸಿ, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಪರದೆಯ ಮೇಲೆ ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆ ಇತ್ತು. ಅದರ ಮೇಲೆ ನನ್ನ ಲಾರಿ ಒಂದು ಕೆಂಪು ಚುಕ್ಕೆ.

"ದಿನಾ ಮಧ್ಯಾಹ್ನ ಇಲ್ಲಿ ಮುಕ್ಕಾಲು ಗಂಟೆ ನಿಲ್ಲಿಸ್ತೀಯ," ಎಂದು ಸುತ್ತೂರು ದಾಟಿದ ಮೇಲಿನ ಒಂದು ತಿರುವನ್ನು ತೋರಿಸಿದರು. "ಅಲ್ಲಿ ಹೋಟ್ಲಿಲ್ಲ, ಪಂಚರ್ ಅಂಗಡಿ ಇಲ್ಲ. ಬಾಕಿ ಗಾಡಿಗಳು ಕೊಡೋ ಮೈಲೇಜು ನಿನ್ ಗಾಡಿ ಕೊಡ್ತಾ ಇಲ್ಲ. ಏನ್ ನಡೀತದೆ ಅಲ್ಲಿ?"

"ಊಟ ಮಾಡ್ತೀನಿ ಸಾ."

"ಊಟ ನೀನ್ ಮಾಡಿದ್ರೆ ಡೀಸೆಲ್ ಯಾಕಪ್ಪ ಖರ್ಚಾಯ್ತದೆ?"

ಉತ್ತರ ಇತ್ತು, ಆದರೆ ಅದನ್ನು ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಮುಂದೆ, ಅದೂ ಆಫೀಸಿನಲ್ಲಿ ಕುಳಿತು ಹೇಳುವುದು ಹೇಗೆ? ಡೀಸೆಲ್ ಕದ್ದು ಮಾರುತ್ತೇನೆ ಎಂದು ಅವರು ಅರ್ಥ ಮಾಡಿಕೊಂಡರು.

ನನ್ನ ಕೆಲಸ ಬನ್ನೂರಿನ ಅಕ್ಕಿ ಗಿರಣಿಗಳಿಂದ ತೌಡು ತುಂಬಿಕೊಂಡು ತಾಂಡ್ಯದ ಪಶು ಆಹಾರದ ಕಾರ್ಖಾನೆಗೆ ತರುವುದು. ಬೆಳಿಗ್ಗೆ ಇಳಿಸಿ, ಮಧ್ಯಾಹ್ನ ಖಾಲಿ ಗಾಡಿ ಓಡಿಸಿಕೊಂಡು ಹೊರಟರೆ ಸುತ್ತೂರಿನ ಆಚೆ ಹೊಳೆಯ ಕಡೆಗೆ ಬಾಗಿದ ಒಂದು ಹುಣಸೆಮರ ಸಿಗುತ್ತದೆ. ಊಟ ಅದರ ನೆರಳಿನಲ್ಲಿ. ಅಲ್ಲಿ ನಾನು ಇಂಜಿನ್ ಆಫ್ ಮಾಡುತ್ತಿರಲಿಲ್ಲ. ಅಷ್ಟೇ ನನ್ನ ಗುಟ್ಟು.

ನನ್ನ ಹೆಂಡತಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು. ಅವಳೂ ತಾಂಡ್ಯದಲ್ಲೇ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಕಾಮಾಲೆ ಎಂದು ಆಸ್ಪತ್ರೆಗೆ ಸೇರಿಸಿದವಳು ಹನ್ನೊಂದನೆಯ ದಿನ ಹೋಗಿಬಿಟ್ಟಳು. ಅವಳು ಮಾತುಗಾತಿ. ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ನಾನು ಕೇಳಿಸಿಕೊಳ್ಳದಿದ್ದರೂ ಮಾತು. ಅವಳು ಹೋದ ಮೇಲೆ ನಂಜನಗೂಡಿನ ಆ ಒಂದೂವರೆ ಕೋಣೆಯ ಮನೆಯಲ್ಲಿ ತಟ್ಟೆಯ ಮುಂದೆ ಕುಳಿತರೆ ನಾನು ಅಗಿಯುವ ಸದ್ದು ನನಗೇ ಕೇಳುತ್ತಿತ್ತು. ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಲಾರಿಯಲ್ಲಿ ಇಂಜಿನ್ ಓಡುತ್ತಿದ್ದರೆ ಸೀಟು ಸಣ್ಣಗೆ ನಡುಗುತ್ತಿರುತ್ತದೆ, ಪಕ್ಕದಲ್ಲಿ ಯಾರೋ ಜೀವ ಇರುವವರು ಕುಳಿತಂತೆ. ಆ ಸದ್ದಿನಲ್ಲಿ ಅನ್ನ ಇಳಿಯುತ್ತಿತ್ತು.

ಮಾಲೀಕರು ಕೆಲಸದಿಂದ ತೆಗೆಯಲಿಲ್ಲ. ಒಂದು ವಾರ ಬಿಟ್ಟು ಒಬ್ಬ ಹಿರಿಯರನ್ನು ನನ್ನ ಜೊತೆ ಕಳಿಸಿದರು. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಲಾರಿ ಮಾಲೀಕರು ಕರೆದಲ್ಲಿಗೆ ಹೋಗಿ, ಡ್ರೈವರ್‌ಗಳ ಪಕ್ಕ ಕುಳಿತು, ಡೀಸೆಲ್ ಎಲ್ಲಿ ಪೋಲಾಗುತ್ತದೆ ಎಂದು ಹೇಳುವುದು ಅವರ ಕೆಲಸ. ನನ್ನನ್ನು ಹಿಡಿಯಲು ಬಂದವರು ಎಂದುಕೊಂಡೆ.

ಹೊರಡುವ ಮೊದಲು ಅವರು ಇಂಜಿನ್ ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿಯನ್ನು ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ದಾರಿಯುದ್ದಕ್ಕೂ ನನ್ನ ಕಾಲನ್ನೇ ನೋಡುತ್ತಾ ಕುಳಿತಿದ್ದರು. ನಾನು ರಸ್ತೆಯ ಹಂಪ್ ಹತ್ತಿರ ಬರುವವರೆಗೆ ಆಕ್ಸಿಲರೇಟರ್ ಒತ್ತಿ, ಆಮೇಲೆ ಬ್ರೇಕ್ ತುಳಿದು, ಮತ್ತೆ ಒತ್ತುತ್ತಿದ್ದೆ. ಇಳಿಜಾರು ಬಂದರೆ ನ್ಯೂಟ್ರಲ್‌ಗೆ ಹಾಕಿ ಬಿಡುತ್ತಿದ್ದೆ. ಹೆಂಡತಿ ಇದ್ದಾಗ ನಾನು ಹೀಗೆ ಓಡಿಸುತ್ತಿರಲಿಲ್ಲ. ಎಲ್ಲಿಗೂ ಬೇಗ ಹೋಗಿ ಮುಟ್ಟಬೇಕಾಗಿರಲಿಲ್ಲ, ಆದರೂ ಕಾಲು ಭಾರವಾಗಿತ್ತು.

ಹುಣಸೆಮರ ಬಂತು. ಬೇಕೆಂದೇ ಅಲ್ಲೇ ನಿಲ್ಲಿಸಿದೆ. ಏನು ನೋಡಬೇಕೋ ನೋಡಿಕೊಳ್ಳಲಿ ಎನ್ನುವ ಹಟ. ಇಂಜಿನ್ ಓಡುತ್ತಿರುವಂತೆಯೇ ಡಬ್ಬಿ ಬಿಚ್ಚಿದೆ. ಅವರೂ ತಮ್ಮ ಬುತ್ತಿ ತೆಗೆದರು.

"ಆಫ್ ಮಾಡಕಿಲ್ವಾ?"

"ಇಲ್ಲ ಸಾ."

"ಸೆಲ್ಫ್ ಸ್ಟಾರ್ಟರ್ ಏನಾರ ಕೆಟ್ಟದಾ?"

"ಇಲ್ಲ ಸಾ."

ಅವರು ಮುದ್ದೆ ಮುರಿಯುತ್ತಾ ಕಾದರು. ಯಾಕೋ, ಆ ಮುಖದಲ್ಲಿ ಅನುಮಾನ ಕಾಣಲಿಲ್ಲ. ನಾನು ಹೊಳೆಯ ಕಡೆ ನೋಡಿಕೊಂಡು ಹೇಳಿಬಿಟ್ಟೆ. "ಎಂಡ್ರು ತೀರ್ಕೊಂಡ್ಲು ಸಾ. ಸದ್ದು ನಿಂತೋದ್ರೆ ನಂಗೆ ಊಟ ಇಳಿಯಕಿಲ್ಲ."

ಅವರು ಮುರಿದ ಮುದ್ದೆಯನ್ನು ಬುತ್ತಿಯಲ್ಲೇ ಇಟ್ಟರು. ಆಮೇಲೆ, "ಆಫ್ ಮಾಡಪ್ಪ. ನಾನು ಮಾತಾಡ್ತೀನಿ," ಎಂದರು.

ಕೀಲಿ ತಿರುಗಿಸಿದೆ. ಸೀಟಿನ ನಡುಕ ನಿಂತಿತು. ಅವರು ಮಾತಿನವರಲ್ಲ. ತಡಕಾಡಿ, ಕೊನೆಗೆ ಗೊತ್ತಿದ್ದುದನ್ನೇ ಹಿಡಿದರು. "ನೀ ಆಕಿರೋ ಆಯಿಲ್ ಗಟ್ಟಿ ಕಣಪ್ಪ. ಯಾರ್ ಏಳಿದ್ರು ಇದ್ನ ಆಕು ಅಂತ?"

"ನಂಗೆ ಲಾರಿ ಕಲ್ಸಿದ ಗುರುಗಳು ಸಾ. ಆಯಿಲ್ ಜೇನಂಗಿರ್ಬೇಕು ಅಂತಿದ್ರು."

"ಅದು ಹಳೇ ಗಾಡಿಗೆ. ಹೊಸ ಇಂಜಿನ್ನಲ್ಲಿ ಸಂದಿ ಸಣ್ಣವು. ಗಟ್ಟಿ ಆಯಿಲ್ನ ತಳ್ಳೋಕೇ ಅದರ ಶಕ್ತಿ ಓಯ್ತದೆ. ಅದ್ರ ಮ್ಯಾಲೆ ಕಡ್ಡಿ ಗೆರೆ ದಾಟಿ ತುಂಬ್ಸಿದ್ದೀಯ. ಕೆಸರಗದ್ದೇಲಿ ಓಡ್ದಂಗೆ ಆಯ್ತದೆ ಅದಕ್ಕೆ. ಗಾಡಿ ಪುಸ್ತಕದಲ್ಲಿ ಏನ್ ಬರ್ದದೋ ಅದೇ ಆಕು, ಎಲ್ಡು ಗೆರೆ ಮಧ್ಯ ನಿಲ್ಸು."

"ಅಷ್ಟಕ್ಕೇ ಮೈಲೇಜ್ ಬತ್ತದಾ?"

"ಆಯಿಲ್ಲಿಂದ ಬರೋದು ಒಂಚೂರು. ಮಿಕ್ಕಿದ್ದೆಲ್ಲ ಕಾಲಿಂದ. ಇಳಿಜಾರಲ್ಲಿ ನ್ಯೂಟ್ರಲ್ ಮಾಡ್ಬ್ಯಾಡ. ಗೇರಲ್ಲೇ ಇಟ್ಟು ಕಾಲ್ ಎತ್ತು, ಆಗ ಇಂಜಿನ್ ಡೀಸೆಲ್ನೇ ಕೇಳಕಿಲ್ಲ. ಹಂಪು ದೂರದಿಂದ್ಲೇ ಕಾಣ್ತದಲ್ಲ, ಅಲ್ಲಿಂದ್ಲೇ ಕಾಲ್ ತೆಗಿ."

ಹೀಗೆ ಮುಕ್ಕಾಲು ಗಂಟೆ. ಟಯರಿನ ಗಾಳಿ, ಏರ್ ಫಿಲ್ಟರ್, ಇಂಜಿನ್ ವೇಗ ತೋರಿಸುವ ಮೀಟರಿನ ಹಸಿರು ಪಟ್ಟಿಯಲ್ಲಿ ಮುಳ್ಳು ನಿಲ್ಲಿಸುವುದು. ಮಾತು ಮುಗಿದಾಗ ಮತ್ತೆ ಆಯಿಲ್‌ನಿಂದಲೇ ಶುರು ಮಾಡಿದರು. ನೋಡಿದರೆ ನನ್ನ ಡಬ್ಬಿ ಖಾಲಿಯಾಗಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಒಬ್ಬ ಮನುಷ್ಯನ ಪಕ್ಕದಲ್ಲಿ ಕುಳಿತು ಉಂಡಿದ್ದೆ. ಕಣ್ಣು ಒದ್ದೆಯಾಗಿದ್ದನ್ನು ಅವರು ನೋಡಿಯೂ ನೋಡದವರಂತೆ ಬುತ್ತಿಗಂಟು ಕಟ್ಟಿದರು.

ನರಸೀಪುರ ದಾಟಿ, ಸೋಮನಾಥಪುರದ ಮೇಲೆ ಬನ್ನೂರು ಮುಟ್ಟುವವರೆಗೆ ಅವರು ಹೇಳಿದ ಹಾಗೆಯೇ ಓಡಿಸಿದೆ. ಗಿರಣಿಯ ಗೇಟಿನಲ್ಲಿ ಇಳಿದು ಅವರು ಬಸ್ಸು ಹಿಡಿದರು. ಇಳಿಯುವಾಗ, "ನಾಳೆಯಿಂದ ಒಬ್ನೇ ಇದ್ದಾಗ್ಲೂ ಆಫ್ ಮಾಡ್ಬೇಕು. ಕಷ್ಟ ಆಯ್ತದೆ. ಆದ್ರೂ ಮಾಡು," ಎಂದರು.

ಮಾಲೀಕರಿಗೆ ಅವರು ಏನು ಹೇಳಿದರೆಂಬುದು ಮಾಲೀಕರ ಬಾಯಿಂದಲೇ ಗೊತ್ತಾಯಿತು. "ಆಯಿಲ್ ತಪ್ಪು, ಕಾಲು ಭಾರ, ನಿಂತಾಗ ಇಂಜಿನ್ ಆಫ್ ಮಾಡಲ್ಲ. ಕಳ್ಳ ಅಲ್ಲ. ಇಷ್ಟೇ ಅಂದ್ರು." ಕಾರಣವನ್ನು ಅವರು ತಮ್ಮಲ್ಲೇ ಇಟ್ಟುಕೊಂಡಿದ್ದರು. ಆಯಿಲ್ ಬದಲಾಯಿತು. ಒಂದೂವರೆ ತಿಂಗಳಲ್ಲಿ ನನ್ನ ಗಾಡಿಯ ಮೈಲೇಜು ಉಳಿದವುಗಳ ಸಮಕ್ಕೆ ಬಂತು. ಮಾಲೀಕರು ತಪ್ಪಾಯಿತು ಎನ್ನಲಿಲ್ಲ, ಆ ಮಾತನ್ನೂ ಮತ್ತೆ ಎತ್ತಲಿಲ್ಲ.

ಆದರೆ ಮೊದಲ ದಿನಗಳು ಕಷ್ಟವಾದವು. ಕೀಲಿ ತಿರುಗಿಸಿದ ಮೇಲೆ ಬಿಸಿಯಾದ ಕಬ್ಬಿಣ ಆರುತ್ತಾ ಟಿಕ್ ಟಿಕ್ ಎನ್ನುವುದು ನಿಂತರೆ ಇನ್ನು ಯಾವ ಸದ್ದೂ ಇಲ್ಲ. ಎರಡು ತುತ್ತು ಉಂಡು ಮಿಕ್ಕಿದ್ದನ್ನು ನಾಯಿಗೆ ಹಾಕಿದ ದಿನಗಳಿವೆ. ಕೊನೆಗೆ ಆ ಮರದ ಕೆಳಗೆ ನಿಲ್ಲಿಸುವುದನ್ನೇ ಬಿಟ್ಟೆ. ಹಸಿವು ತಡೆದುಕೊಂಡು ನೇರ ಬನ್ನೂರಿಗೆ ಹೋಗಿ, ಮೂಟೆ ಹೊರುವವರು ಊಟಕ್ಕೆ ಕೂರುವ ಶೆಡ್ಡಿನಲ್ಲಿ ಕುಳಿತುಕೊಳ್ಳತೊಡಗಿದೆ. ಅವರು ತಮ್ಮತಮ್ಮಲ್ಲೇ ಜಗಳವಾಡುತ್ತಾರೆ, ನಗುತ್ತಾರೆ. ನನ್ನನ್ನು ಮಾತಿಗೆ ಎಳೆಯುವುದು ಕಡಿಮೆ. ನಾನೂ ಕಡಿಮೆಯೇ ಆಡುತ್ತೇನೆ. ಅವರಲ್ಲಿ ಒಬ್ಬಾಕೆ ಮಾತ್ರ ದಿನಾ ಒಂದು ಉಪ್ಪಿನಕಾಯಿ ಹೋಳನ್ನು ಕೇಳದೆಯೇ ನನ್ನ ಡಬ್ಬಿಗೆ ಹಾಕುತ್ತಾಳೆ. ಗಿರಣಿಗೆ ರಜೆ ಇರುವ ದಿನ ನಾನು ಮನೆಯಲ್ಲಿರುತ್ತೇನೆ, ಆ ಸದ್ದಿಲ್ಲದ ಮನೆಯಲ್ಲಿ ಇನ್ನೂ ಊಟ ಇಳಿಯುವುದಿಲ್ಲ, ಆವತ್ತು ಅಡುಗೆ ಮಾಡಿಕೊಳ್ಳುವುದಿಲ್ಲ.